ಎರಡನೇ ಬಾಣಲೆ

ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಬೇಕು ಎಂದು ಲೋಹಿತ್ ಮೊದಲ ಸಲ ಹೇಳಿದಾಗ ರಾಜಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಅವನ ಕಡೆ ತಿರುಗಿದ್ದರು.

"ಸುಣ್ಣ ಗೋಡೆಗೆ ಬಳಿಯೋಕೆ, ಇಲ್ಲಾ ಎಲೆಅಡಿಕೆಗೆ. ಯಾರಾದ್ರೂ ಹೊಟ್ಟೆಗೆ ಹಾಕ್ಕೋತಾರೇನೋ?"

"ಎಲೆಅಡಿಕೆನ ನೀನು ಕಿವಿಗೆ ಹಾಕ್ಕೋತೀಯೇನಮ್ಮ?" ಎಂದಿದ್ದ ಮಗ.

ಈಗ ಅದೇ ರಾಜಲಕ್ಷ್ಮಮ್ಮ ತಮ್ಮ ಸುಣ್ಣದ ಡಬ್ಬಿಯನ್ನು ತಾವೇ ತಂದು ಮಗಳ ಮುಂದೆ ಇಟ್ಟರು. ಮಾನಸ ಹಿತ್ತಿಲಿನ ಒಲೆಯ ಮುಂದೆ ಕುಳಿತು ಜೋಳ ಕುದಿಯುವುದನ್ನು ನೋಡುತ್ತಿದ್ದಳು. ಸುಣ್ಣ ಬಿದ್ದ ಸ್ವಲ್ಪ ಹೊತ್ತಿಗೆ ನೀರು ಹಳದಿಗೆ ತಿರುಗಿತು. ಆಮೇಲೆ ಆ ವಾಸನೆ ಎದ್ದಿತು. ಹೊಸದಾಗಿ ಸುಣ್ಣ ಬಳಿದ ಗೋಡೆಯ ಪಕ್ಕ ಯಾರೋ ತೆನೆ ಬೇಯಿಸುತ್ತಿರುವಂಥ ವಾಸನೆ. ಅಣ್ಣ ಇದ್ದಾಗಿನ ಭಾನುವಾರಗಳ ವಾಸನೆ ಅದು. ತಾಯಿಗೂ ಮಗಳಿಗೂ ಒಟ್ಟಿಗೇ ಗೊತ್ತಾಯಿತು.

"ಅವನು ಹೆಂಗೆ ಮಾಡ್ತಿದ್ನೋ ಹಂಗೇ ಮಾಡು ಕಣವ್ವ," ಎಂದರು ರಾಜಲಕ್ಷ್ಮಮ್ಮ. "ಒಂಚೂರೂ ಆಚೆ ಈಚೆ ಆಗ್ಬಾರ್ದು."

ಮಾರನೆಯ ದಿನ ಪಕ್ಷದ ಹಬ್ಬ. ಮಗ್ಗೆಯ ಸುತ್ತಿನ ಎಲ್ಲ ಒಕ್ಕಲು ಮನೆಗಳ ಹಾಗೆ ಇವರ ಮನೆಯಲ್ಲೂ ತೀರಿಹೋದವರಿಗೆ ಎಡೆ ಇಡುತ್ತಾರೆ. ನಡುಮನೆಯಲ್ಲಿ ಸಾಲಾಗಿ ಬಾಳೆ ಎಲೆ ಹಾಕಿ, ಬದುಕಿದ್ದಾಗ ಯಾರಿಗೆ ಏನು ಇಷ್ಟವೋ ಅದನ್ನು ಬಡಿಸುತ್ತಾರೆ. ಅಜ್ಜನ ಎಲೆಗೆ ನಾಟಿಕೋಳಿ ಸಾರು, ಮುದ್ದೆ, ಪಕ್ಕದಲ್ಲಿ ಬೀಡಿ. ಅಜ್ಜಿಯ ಎಲೆಗೆ ಕಡುಬು. ಬಡಿಸಿ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುತ್ತಾರೆ. ಹಿರಿಯರು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಒಳಗೆ ಹೋಗಿ, ಎಲೆಯ ಮೇಲಿದ್ದುದನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನುತ್ತಾರೆ. ಈ ವರ್ಷ ಸಾಲಿಗೆ ಹೊಸ ಎಲೆಯೊಂದು ಸೇರುತ್ತಿತ್ತು. ಲೋಹಿತನದು.

ಮನೆಗೆ ಹಿರಿಯ ಮಗ. ಹಡಗಿನ ಅಡಿಗೆಮನೆಯಲ್ಲಿ ಕೆಲವು ವರ್ಷ ದುಡಿದು, ಸಮುದ್ರ ಸಾಕಾಗಿ, ವಾಪಸು ಬಂದು ಮಾರನಹಳ್ಳಿಯಲ್ಲಿ ಹೆದ್ದಾರಿ ಪಕ್ಕ ಒಂದು ಗೂಡಂಗಡಿ ಇಟ್ಟಿದ್ದ. ಮಾರುತ್ತಿದ್ದುದು ಹಡಗಿನಲ್ಲಿ ಕಲಿತ ಟಾಕೋ, ಅಂದರೆ ಜೋಳದ ರೊಟ್ಟಿಯೊಳಗೆ ಮಾಂಸವೋ ಮೊಟ್ಟೆಯೋ ಇಟ್ಟು ಮಡಚಿದ್ದು. ಘಾಟಿ ಹತ್ತಿ ಬಂದವರು ಮೊಟ್ಟೆಯ ಟಾಕೋ, ಕೋಳಿಯ ಟಾಕೋ ತಿಂದು ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಹೋದ ಬೇಸಿಗೆಯಲ್ಲಿ ಅವನಿಗೆ ಕಾಮಾಲೆ ತಗುಲಿತು. ಕಣ್ಣು, ಉಗುರು ಎಲ್ಲ ಅರಿಶಿನವಾಯಿತು. ಔಷಧಿಯ ಜೊತೆ ಕಟ್ಟುನಿಟ್ಟಿನ ಪಥ್ಯ: ಗಂಜಿ, ಮಜ್ಜಿಗೆ, ಬೇಯಿಸಿದ ತರಕಾರಿ. ಒಂದು ಮಧ್ಯಾಹ್ನ ಅವನು ಗಂಜಿಯ ಲೋಟ ಪಕ್ಕಕ್ಕೆ ಸರಿಸಿ, "ಅಮ್ಮ, ಒಂದೇ ಒಂದು ಟಾಕೋ ತಿಂದ್ಬಿಡ್ತೀನಿ. ಬಾಯೆಲ್ಲ ಸತ್ತೋಗೈತೆ," ಎಂದ. "ಹುಷಾರಾಗು, ನಾನೇ ನಿಂತು ಮಾಡಿಸ್ಕೊಡ್ತೀನಿ," ಎಂದರು ಅಮ್ಮ. ಅವನು ಹುಷಾರಾಗಲಿಲ್ಲ.

ಅಂದಿನಿಂದ ರಾಜಲಕ್ಷ್ಮಮ್ಮನ ತಲೆಯಲ್ಲಿ ಇರುವುದು ಅದೊಂದೇ. ಊಟಕ್ಕೆ ಕೂತಾಗ ತುತ್ತು ಅರ್ಧಕ್ಕೆ ನಿಲ್ಲುತ್ತದೆ. "ಬಾಯಿ ಬಿಟ್ಟು ಕೇಳ್ದ. ಕೊಡ್ಲಿಲ್ಲ," ಎನ್ನುತ್ತಾರೆ, ಯಾರಿಗೂ ಅಲ್ಲದ ಹಾಗೆ. ನಾಳೆಯ ಎಲೆ ಅವರಿಗೆ ಹಬ್ಬವಲ್ಲ. ಹಸಿದುಹೋದ ಮಗನಿಗೆ ಕೊಡಬೇಕಾದ ಊಟ.

ಅದಕ್ಕೇ ಮಾನಸಳಿಗೆ ಒಲೆಯ ಮುಂದಿನಿಂದ ಏಳಲು ಆಗುತ್ತಿರಲಿಲ್ಲ. ಅಣ್ಣ ಕೇಳಿದ್ದು ಯಾವ ಟಾಕೋ ಎಂದು ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಭಾನುವಾರ ಲೋಹಿತ್ ಅಂಗಡಿ ತೆರೆಯುತ್ತಿರಲಿಲ್ಲ. ಹಿತ್ತಿಲಿನ ಈ ಒಲೆಯಲ್ಲಿ ಮನೆಯವರಿಗೆ ಮಾಡುತ್ತಿದ್ದ. ಜೋಳದ ಹಿಟ್ಟನ್ನು ಉಂಡೆ ಕಟ್ಟಿ, ಎರಡು ಬಾಳೆ ಎಲೆಯ ನಡುವೆ ಇಟ್ಟು, ಮೇಲೆ ಊಟದ ಮಣೆ ಹಾಕಿ, ಅದರ ಮೇಲೆ ತಾನೇ ಹತ್ತಿ ನಿಲ್ಲುತ್ತಿದ್ದ. ಅಪ್ಪ ಪುಟ್ಟಸ್ವಾಮಿ, "ಹಂಗಾದ್ರೆ ನನ್ನ ನಿಲ್ಲಿಸು, ಪೇಪರ್ ಥರ ಬರ್ತದೆ," ಎಂದು ಹೊಟ್ಟೆ ಸವರಿಕೊಳ್ಳುತ್ತಿದ್ದರು. ಖೀಮಾಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಹುರಿದ ಜೀರಿಗೆ, ಬ್ಯಾಡಗಿ ಮೆಣಸಿನಕಾಯಿ. ಹಡಗಿನಲ್ಲಿ ಯಾವುದೋ ಒಣ ಸೊಪ್ಪು ಉದುರಿಸುತ್ತಿದ್ದರಂತೆ. ಇಲ್ಲಿ ಅದರ ಬದಲಿಗೆ ಹಿತ್ತಿಲಿನ ದೊಡ್ಡಪತ್ರೆಯನ್ನೇ ಒಣಗಿಸಿ ಕೈಯಲ್ಲಿ ತಿಕ್ಕಿ ಹಾಕುತ್ತಿದ್ದ. ನೀರು ಪೂರ್ತಿ ಇಂಗಿ, ಖೀಮಾ ತನ್ನದೇ ಜಿಡ್ಡಿನಲ್ಲಿ ಚಟಪಟ ಅನ್ನಬೇಕು. ಆಗ ನಿಂಬೆಹಣ್ಣು ಹಿಂಡಿ ಇಳಿಸುವುದು.

ಆದರೆ ಒಲೆಯ ಮೇಲೆ ಬಾಣಲೆ ಎರಡು ಇರುತ್ತಿದ್ದವು. ದೊಡ್ಡದರಲ್ಲಿ ಮನೆಯವರಿಗೆಲ್ಲ ಕುರಿ ಖೀಮಾ. ಚಿಕ್ಕದೊಂದು, ಯಾವಾಗಲೂ ಮುಚ್ಚಳ ಹಾಕಿದ್ದು. "ಇದು ವಿಪರೀತ ಖಾರ, ನಿಮಗೆ ಆಗಲ್ಲ," ಎನ್ನುತ್ತಿದ್ದ. ಅದನ್ನು ಅವನೊಬ್ಬನೇ, ಕೊಟ್ಟಿಗೆಯ ಆಚೆ ಹಲಸಿನ ಮರದ ಕೆಳಗೆ ಕೂತು ತಿನ್ನುತ್ತಿದ್ದ. ಖಾರ ತಿನ್ನುವುದರಲ್ಲಿ ತಾನೇನು ಕಮ್ಮಿ ಎಂದು ಮಾನಸ ಒಂದು ಸಲ ಹಿಂದೆಯೇ ಹೋಗಿ ಅವನ ತಟ್ಟೆಗೆ ಕೈ ಹಾಕಿದಳು. ಅವನು ಅವಳ ಮಣಿಕಟ್ಟು ಹಿಡಿದುಬಿಟ್ಟ. ನೋಯುವಷ್ಟು ಬಿಗಿಯಾಗಿ.

"ಬ್ಯಾಡ ಕಣೆ. ಇದು ದನದ್ದು."

ಅವಳು ಕೈ ಹಿಂತೆಗೆದುಕೊಂಡಳು.

"ಹೇಳ್ದೆ ತಿನ್ನಿಸಿದ್ರೆ ಅದು ಊಟ ಅಲ್ಲ, ಮೋಸ," ಎಂದ. "ಹೇಳ್ಬುಟ್ಟಿದೀನಿ. ಇನ್ನು ಯಾರಿಗಾದ್ರೂ ಹೇಳೋದು ಬಿಡೋದು ನಿಂಗೆ ಸೇರಿದ್ದು."

ಅವಳು ಹೇಳಲಿಲ್ಲ. ಒಂದಷ್ಟು ದಿನ ಅವನ ಜೊತೆಯೂ ಮಾತಾಡಲಿಲ್ಲ. ಆಮೇಲೆ ಒಂದು ಭಾನುವಾರ ಹಲಸಿನ ಮರದ ಕೆಳಗೆ ಹೋಗಿ, ಅವನಿಂದ ಎರಡು ಮಾರು ದೂರದಲ್ಲಿ ತನ್ನ ತಟ್ಟೆ ಇಟ್ಟುಕೊಂಡು ಕೂತಳು. ಅವನು ಅವನದು ತಿಂದ, ಅವಳು ಅವಳದು ತಿಂದಳು. ಅಲ್ಲಿಂದ ಮುಂದೆ ಹಾಗೇ ನಡೆಯಿತು. ಹಾಸನದಲ್ಲಿ ಡಿಗ್ರಿ ಮುಗಿಸಿ ಬಂದ ಮೇಲೆ ಅವಳು ಯಾರ ಜೊತೆಗಾದರೂ ನೆಮ್ಮದಿಯಾಗಿ ಸುಮ್ಮನೆ ಕೂತದ್ದಿದ್ದರೆ ಅದು ಆ ಮರದ ಕೆಳಗೆ.

ಆ ಮಾಂಸ ಬರುತ್ತಿದ್ದುದು ಸುನಿಲ್‌ಕುಮಾರ್ ಮನೆಯಿಂದ. ಲೋಹಿತನ ಜೊತೆ ಶಾಲೆಗೆ ಹೋದವನು, ಗೂಡಂಗಡಿಯಲ್ಲಿ ಜೊತೆಗಾರ. ಗುಡ್ಡದ ಮೇಲಿನ ಎಸ್ಟೇಟಿನಲ್ಲಿ, ಕೂಲಿಯವರ ಸಾಲು ಲೈನ್ ಮನೆಯೊಂದರಲ್ಲಿ ಅಪ್ಪ ದ್ಯಾವಯ್ಯನೊಂದಿಗೆ ಇದ್ದ. ಬೆಂದ ಜೋಳವನ್ನು ನೆನೆಯಲು ಬಿಟ್ಟು ಮಾನಸ ಮಧ್ಯಾಹ್ನ ಅತ್ತ ನಡೆದಳು. ಅಣ್ಣ ಹುಡುಗನಾಗಿದ್ದಾಗಿನಿಂದ ಓಡಾಡಿದ ದಾರಿ. ಲೈನಿನಲ್ಲಿ ಯಾವ ಬಾಗಿಲು ಅವರದು ಎಂದು ಅವಳು ಇನ್ನೊಬ್ಬರನ್ನು ಕೇಳಬೇಕಾಯಿತು.

ದ್ಯಾವಯ್ಯ ಬಾಗಿಲಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದ. "ಯಾರು, ಪುಟ್ಟಸ್ವಾಮಿ ಗೌಡ್ರ ಮಗಳಲ್ವಾ? ದಾರಿ ತಪ್ತೇನವ್ವ?"

"ಇಲ್ಲ ತಾತ. ಇಲ್ಲಿಗೇ ಬಂದೆ."

ಸುನಿಲ್‌ಕುಮಾರ್ ಒಳಗಿನಿಂದ ಬಂದ. ಅಂಗಡಿ ಮುಚ್ಚಿದ ಮೇಲೆ ಆಟೋ ಓಡಿಸುತ್ತಿದ್ದ. ಖಾಕಿ ಅಂಗಿ ಇನ್ನೂ ಮೈಮೇಲಿತ್ತು. ಅವಳನ್ನು ನೋಡಿ ಆಶ್ಚರ್ಯಪಟ್ಟದ್ದನ್ನು ತೋರಿಸಿಕೊಳ್ಳಲಿಲ್ಲ. "ಕೂತ್ಕೋ. ಆ ಕಟ್ಟೆ ಮೇಲೇ ಲೋಹಿ ಕೂರ್ತಿದ್ದಿದ್ದು. ಕಾಫಿ ಕುಡೀತೀಯಾ? ಇಲ್ಲಾ ನಿಮ್ಮೋರೆಲ್ಲ ಹೇಳೋ ಹಂಗೆ ಈಗ್ತಾನೆ ಕುಡ್ಕೊಂಡ್ ಬಂದಿದೀಯಾ?"

"ಕುಡೀತೀನಿ," ಎಂದಳು ಮಾನಸ.

ಲೋಟ ಖಾಲಿ ಮಾಡಿದಳು. ಆಮೇಲೆ ಹೇಳಿದಳು. ಎಡೆ, ಅಮ್ಮ, ಗಂಜಿಯ ಲೋಟ ಸರಿಸಿದ ಆ ಮಧ್ಯಾಹ್ನ. "ಸ್ವಲ್ಪ ಸಾಕು ಸುನಿಲಣ್ಣ. ಒಂದೇ ಒಂದು ಟಾಕೋಗೆ ಆಗೋವಷ್ಟು. ಅವನು ತಿಂತಿದ್ದದ್ದೇ ಇಡಬೇಕು ಅಂತ..."

ಸುನಿಲ್‌ಕುಮಾರ್ ತಲೆ ತಗ್ಗಿಸಿ ಕೇಳಿಸಿಕೊಂಡ. "ಎಡೆ ತೆಗೆದ್ಮೇಲೆ ಅದನ್ನ ತಿನ್ನೋರು ಯಾರು?" ಎಂದ.

ಮಾನಸ ಖಾಲಿ ಲೋಟವನ್ನು ಕಟ್ಟೆಯ ಮೇಲೆ ಇಟ್ಟಳು.

"ನಿಮ್ಮಪ್ಪ ತಿಂತಾರೆ. ನಿಮ್ಮ ದೊಡ್ಡಪ್ಪ ತಿಂತಾರೆ. ಅವರಿಗೆ ಹೇಳಿ ತಿನ್ನಿಸ್ತೀಯಾ?"

"ನಾನೊಬ್ಳೇ ಆ ಎಲೆ ತಗೋತೀನಿ."

"ತಗೊಳ್ಳೋಕೆ ಬಿಡ್ತಾರಾ? ಹೊಸ ಎಡೆ ಅದು. ನಂಗೊಂದು ಚೂರು, ನಂಗೊಂದು ಚೂರು ಅಂತಾರೆ." ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಇವತ್ತಲ್ಲ ನಾಳೆ ಗೊತ್ತಾಗ್ತದೆ ಮಾನಸ. ಗೊತ್ತಾದಾಗ ಅವರು ಬರೋದು ನಿನ್ನ ಹತ್ರ ಅಲ್ಲ. ಈ ಬಾಗಿಲಿಗೆ. ಹೋದ ವರ್ಷ ದನ ಸಾಗಿಸ್ತಾವ್ನೆ ಅಂತ ಆ ಗೂಡ್ಸ್ ಆಟೋದವನ್ನ ತಡೆದು ಹೊಡೆದ್ರಲ್ಲ, ನಿಮ್ಮಪ್ಪ ಅಲ್ಲೇ ನಿಂತಿದ್ರು. ಹೊಡೀಲಿಲ್ಲ. ಸುಳ್ಳು ಯಾಕೆ ಹೇಳ್ಲಿ. ಬ್ಯಾಡ ಅಂತಾನೂ ಅನ್ನಲಿಲ್ಲ."

ಅದೂ ಅವಳಿಗೆ ಗೊತ್ತಿತ್ತು. ಅಂದು ಅಪ್ಪ ಮನೆಗೆ ಬಂದು ಕೈಕಾಲು ತೊಳೆದು ಟಿವಿ ಹಾಕಿಕೊಂಡು ಕೂತಿದ್ದರು. ಯಾರೂ ಏನೂ ಕೇಳಿರಲಿಲ್ಲ, ಅವಳೂ.

"ಲೋಹಿಗೆ ಇಲ್ಲ ಅನ್ನೋಕೆ ನಂಗೂ ಹೊಟ್ಟೆ ಉರೀತದೆ," ಎಂದ ಸುನಿಲ್‌ಕುಮಾರ್. "ಆದ್ರೂ ಕೊಡಲ್ಲ."

ಬಿಸಿಲಿನಲ್ಲಿ ಕೂತಿದ್ದ ದ್ಯಾವಯ್ಯ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ಹೇಳಿದ: "ಹಸ್ಕೊಂಡೇನೂ ಇರಾಕಿಲ್ಲ ಬಿಡವ್ವ ಅವನು. ನಾಳೆ ಸಾಯಂಕಾಲ ನಮ್ಮನೇಲೂ ಎಡೆ ಐತೆ. ನಮ್ಮವಳ ಎಲೆ ಪಕ್ಕಕ್ಕೆ ಅವಂಗೂ ಒಂದು ಹಾಕ್ತೀವಿ. ಅವಳ ಕೈಯಲ್ಲಿ ಉಂಡೋನಲ್ವಾ."

ಮಾನಸ ಗುಡ್ಡ ಇಳಿದು ಮನೆಗೆ ಬಂದಾಗ ಅಪ್ಪ ಸಕಲೇಶಪುರದಿಂದ ಖೀಮಾ ತಂದು ಫ್ರಿಜ್ಜಿನಲ್ಲಿ ಇಟ್ಟಿದ್ದರು. "ಎಳೇ ಕುರಿ ಕಣೆ. ನಿಂತು ಎರಡು ಸಲ ಕೊಚ್ಚಿಸ್ದೆ. ಅವನು ಹಂಗೇ ಕೊಚ್ಚಿಸ್ತಿದ್ದ," ಎಂದರು. ಅಷ್ಟು ಹೇಳಿ ಹೊರಗೆ ಹೋದರು.

ಹಬ್ಬದ ದಿನ ಬೆಳಿಗ್ಗೆಯೇ ದೊಡ್ಡಪ್ಪನ ಮನೆಯವರು ಬಂದರು. ಮಾನಸ ಸ್ನಾನ ಮಾಡಿ ಒಲೆಯ ಮುಂದೆ ಕೂತಳು. ಜೋಳದ ಸಿಪ್ಪೆ ತಿಕ್ಕಿ ತೊಳೆದು, ರುಬ್ಬಿ, ಮಣೆ ಹಾಕಿ ಹತ್ತಿ ನಿಂತು, ರೊಟ್ಟಿ ಒತ್ತಿ ಬೇಯಿಸಿದಳು. ಖೀಮಾಕ್ಕೆ ಅಣ್ಣ ಹಾಕುತ್ತಿದ್ದುದನ್ನೆಲ್ಲ ಹಾಕಿದಳು. ದೊಡ್ಡಪತ್ರೆ ತಿಕ್ಕಿದ ಕೈಯನ್ನು ಮೂಗಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತಳು. ಎಡೆಯ ಅಡಿಗೆಯನ್ನು ರುಚಿ ನೋಡುವಂತಿಲ್ಲ. ಮೊದಲ ತುತ್ತು ಹೋದವರದು. ಉಪ್ಪು ಎಷ್ಟು ಬಿತ್ತೋ ಅಷ್ಟೇ. ಚಿಕ್ಕ ಬಾಣಲೆ ಒಲೆಯ ಹಿಂದಿನ ಗೋಡೆಗೆ, ಮೊಳೆಯಲ್ಲಿ ನೇತಾಡುತ್ತಿತ್ತು. ಅವಳು ಅದರ ಕಡೆ ನೋಡಲಿಲ್ಲ. ನೋಡದಿರುವುದೇ ಒಂದು ಕೆಲಸವಾಗಿತ್ತು.

ಎಲೆಗಳು ತುಂಬಿದವು. ಸಾಲಿನ ಕೊನೆಯ ಎಲೆಯಲ್ಲಿ ಮಡಚಿದ ಮೂರು ಟಾಕೋ. ರಾಜಲಕ್ಷ್ಮಮ್ಮ ತಾವೇ ಬಡಿಸಿ, ಹೆಚ್ಚಿದ ಈರುಳ್ಳಿಯನ್ನು ಸರಿಮಾಡಿ, ನಿಂಬೆಯ ಹೋಳನ್ನು ಒಮ್ಮೆ ಎಡಕ್ಕಿಟ್ಟು ಮತ್ತೆ ಬಲಕ್ಕಿಟ್ಟರು. "ಬಾ ಮಗಾ. ನಿಧಾನಕ್ಕೆ ಉಣ್ಣು," ಎಂದರು. ಪುಟ್ಟಸ್ವಾಮಿ ಧೂಪ ಹಾಕಿ ಬಾಗಿಲೆಳೆದುಕೊಂಡರು. ಎಲ್ಲರೂ ಜಗಲಿಗೆ ಬಂದರು. ತಾಯಿ ಮಗಳು ಅಡಿಗೆಮನೆಯ ಬದಿಯ ಮೆಟ್ಟಿಲ ಮೇಲೆ ಕೂತರು.

ಬಾಗಿಲು ಮುಚ್ಚಿರುವಷ್ಟು ಹೊತ್ತು ಯಾರೂ ಜೋರಾಗಿ ಮಾತಾಡುವುದಿಲ್ಲ. ಒಳಗಿನಿಂದ ಏನೂ ಕೇಳುವುದಿಲ್ಲ ಎಂದು ಗೊತ್ತಿದ್ದರೂ ಪ್ರತಿವರ್ಷ ಎಲ್ಲರೂ ಕಿವಿಗೊಟ್ಟು ಕೂರುತ್ತಾರೆ.

"ಮಾನಸ," ಎಂದರು ರಾಜಲಕ್ಷ್ಮಮ್ಮ ಪಿಸುದನಿಯಲ್ಲಿ. "ಅವನು ಕೇಳಿದ್ನಲ್ಲ, ಅದೇ ತಾನೇ ಇದು?"

ಹೂಂ ಎಂದರೆ ಮುಗಿಯಿತು. ಅಮ್ಮ ಎಷ್ಟೋ ತಿಂಗಳ ಮೇಲೆ ಒಂದು ತುತ್ತನ್ನು ಪೂರ್ತಿ ನುಂಗುತ್ತಾರೆ. ಮಾನಸ ಹೂಂ ಎನ್ನಲು ಬಾಯಿ ತೆರೆದಳು. ಮಣಿಕಟ್ಟಿನ ಮೇಲೆ, ಅಂದು ಅಣ್ಣ ಹಿಡಿದ ಜಾಗದಲ್ಲಿ, ಒಲೆಯ ಮಸಿ ಹತ್ತಿತ್ತು. ಅದನ್ನು ಇನ್ನೊಂದು ಕೈಯ ಬೆರಳಿನಿಂದ ಉಜ್ಜಿದಳು.

"ಅಲ್ಲಮ್ಮ."

ಅಮ್ಮ ತಿರುಗಿ ನೋಡಿದರು.

"ಅವನಿಗೆ ಬೇಕಿದ್ದಿದ್ದು ಆ ಚಿಕ್ಕ ಬಾಣಲೇದು. ಅದು ಕುರಿ ಅಲ್ಲ. ದನದ್ದು."

ರಾಜಲಕ್ಷ್ಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಜಗಲಿಯಲ್ಲಿ ದೊಡ್ಡಪ್ಪ ಕೆಮ್ಮಿದ್ದು ಕೇಳಿಸಿತು.

"ದೊಡ್ಡ ಬಾಣಲೇಲಿ?" ಎಂದರು ಅಮ್ಮ.

"ಯಾವತ್ತೂ ಇಲ್ಲ. ಯಾರಿಗೂ ಹೇಳ್ದೆ ತಿನ್ನಿಸಿಲ್ಲ ಅವನು."

"ಆ ಮುಚ್ಚಳ ನಾನು ಒಂದಿನಾನೂ ತೆಗೆದು ನೋಡ್ಲಿಲ್ಲ ಕಣೆ. ಖಾರ ಅಂದ, ಸರಿ ಅಂದೆ." ಅವರು ಮುಚ್ಚಿದ ಬಾಗಿಲನ್ನು ನೋಡಿದರು. "ನಂಗೆ ಗೊತ್ತಿರ್ಲಿಲ್ವೋ, ನೋಡೋಕೆ ಹೆದ್ರುತಿದ್ದೆನೋ. ಹುಷಾರಾಗು, ಮಾಡಿಸ್ಕೊಡ್ತೀನಿ ಅಂದಿದ್ದೆ. ಹುಷಾರಾಗಿದ್ರೂ ಮಾಡಿಸ್ಕೊಡ್ತಿರಲಿಲ್ಲ ಹಂಗಾದ್ರೆ ನಾನು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೇಳ್ದ."

ಮಾನಸಳಿಗೆ ಇದು ಹೊಳೆದಿರಲಿಲ್ಲ. ಸತ್ಯ ಹೇಳಿದರೆ ಒಂದು ಮುಳ್ಳು ಹೊರಬರುತ್ತದೆ ಎಂದುಕೊಂಡಿದ್ದಳು. ಅದು ಇನ್ನೂ ಒಳಕ್ಕೆ ಹೋಗಿತ್ತು.

ಪುಟ್ಟಸ್ವಾಮಿ ಎದ್ದು ಬಾಗಿಲು ತಟ್ಟಿದರು. ಎಲ್ಲರೂ ಒಳಗೆ ನಡೆದರು. ಮೂರು ಟಾಕೋ ಚೂರುಚೂರಾಗಿ ಎಲ್ಲರ ಕೈ ಸೇರಿದವು. "ಉಪ್ಪು ಒಂಚೂರು ಮುಂದಾಗೈತೆ, ಆದ್ರೂ ನಮ್ಮ ಲೋಹಿ ಕೈ ರುಚಿ ಹಂಗೇ ಬಂದೈತೆ ಕಣವ್ವ," ಎಂದರು ದೊಡ್ಡಪ್ಪ. ಪುಟ್ಟಸ್ವಾಮಿ ತಮ್ಮ ಚೂರನ್ನು ಬಾಯಿಗೆ ಹಾಕಿಕೊಂಡು, ಅಗಿಯದೆ, ಗೋಡೆಯ ಕಡೆ ಮುಖ ಮಾಡಿ ನಿಂತರು. ರಾಜಲಕ್ಷ್ಮಮ್ಮ ತಮ್ಮ ಪಾಲನ್ನು ಕೈಯಲ್ಲಿ ಹಿಡಿದುಕೊಂಡೇ ಹಿತ್ತಿಲಿಗೆ ಹೋದರು. ತಿಂದರೋ ಬಿಟ್ಟರೋ ಮಾನಸಳಿಗೆ ಗೊತ್ತಾಗಲಿಲ್ಲ.

ಮಧ್ಯಾಹ್ನವೆಲ್ಲ ಅಮ್ಮ ಮಗಳ ಮುಖ ನೋಡಲಿಲ್ಲ. ನೆಂಟರು ಹೊರಟು, ಅಪ್ಪ ಚಾಪೆ ಹಾಸಿ ಮಲಗಿದ ಮೇಲೆ ಹಿತ್ತಿಲಿನಿಂದ ಮಣೆ ಒತ್ತುವ ಸದ್ದು ಕೇಳಿ ಮಾನಸ ಎದ್ದುಹೋದಳು. ಉಳಿದಿದ್ದ ಹಿಟ್ಟಿನಲ್ಲಿ ರಾಜಲಕ್ಷ್ಮಮ್ಮ ರೊಟ್ಟಿ ಮಾಡುತ್ತಿದ್ದರು. ಮಣೆ ಹತ್ತಿ ನಿಲ್ಲಲು ಮಂಡಿ ಬಾಗದೆ, ಎರಡೂ ಅಂಗೈ ಊರಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕುತ್ತಿದ್ದರು.

"ಯಾರ ಮನೆಯಿಂದ ತರ್ತಿದ್ದ?" ಎಂದರು ತಲೆಯೆತ್ತದೆ.

"ದ್ಯಾವಯ್ಯನ ಮನೆಯಿಂದ. ಇವತ್ತು ಸಾಯಂಕಾಲ ಅವರ ಮನೇಲಿ ಅಣ್ಣನಿಗೂ ಎಲೆ ಹಾಕ್ತಾರಂತೆ."

ಹಂಚಿನ ಮೇಲೆ ರೊಟ್ಟಿ ಉಬ್ಬಿ, ಉಸಿರು ಬಿಟ್ಟು, ಕೂತಿತು.

"ಹೊಟ್ಟೆ ತುಂಬ ಬಡಿಸ್ತಾರಾ?"

"ಬಡಿಸ್ತಾರೆ ಅಮ್ಮ."

"ಈ ರೊಟ್ಟಿ ಮಾಡೋಕೆ ಅವರಿಗೆ ಬರ್ತದಾ?"

"ಗೊತ್ತಿಲ್ಲ. ಅವನೇ ಮಾಡ್ಕೊಳ್ತಿದ್ನೇನೋ."

ರಾಜಲಕ್ಷ್ಮಮ್ಮ ಎದ್ದರು. ಗೋಡೆಯ ಮೊಳೆಯಿಂದ ಚಿಕ್ಕ ಬಾಣಲೆಯನ್ನು ತೆಗೆದರು. ತೆಗೆಯುವಾಗ ಅಂಗೈ ತಾಕದಂತೆ ಹಿಡಿಯ ತುದಿಯನ್ನು ಎರಡೇ ಬೆರಳಿನಲ್ಲಿ ಹಿಡಿದಿದ್ದರು. ಬೂದಿ ಹಾಕಿ ತಿಕ್ಕತೊಡಗಿದಾಗ ಮಾತ್ರ ಇಡೀ ಕೈ ಹಾಕಲೇಬೇಕಾಯಿತು. ತೊಳೆದು, ಒರೆಸಿ, ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಅದರೊಳಗಿಟ್ಟು, ಮುಚ್ಚಳ ಮುಚ್ಚಿದರು.

"ಕತ್ತಲಾಗೋಕೆ ಮುಂಚೆ ಕೊಟ್ಟು ಬಾ. ಆನೆ ಓಡಾಡ್ತಾವಂತೆ ಆ ಕಡೆ. ಬಾಣಲೆ ಅವರ ಮನೇಲೇ ಇರ್ಲಿ, ವಾಪಸ್ ತರಬ್ಯಾಡ. ನಿಮ್ಮಪ್ಪಂಗೆ ಏನೂ ಹೇಳಬ್ಯಾಡ."

ಮಾನಸ ಬಾಣಲೆ ತೆಗೆದುಕೊಂಡಳು. ಹಲಸಿನ ಮರದವರೆಗೆ ಹೋಗಿದ್ದಾಗ ಹಿಂದಿನಿಂದ ಅಮ್ಮನ ದನಿ ಬಂತು.

"ನೀನು ತಿನ್ಬ್ಯಾಡ."

ಅವಳು ನಿಂತಳು. ಅಮ್ಮ ಉತ್ತರಕ್ಕೆ ಕಾಯುತ್ತ ಒಲೆಯ ಪಕ್ಕದಲ್ಲಿ ನಿಂತಿದ್ದರು, ಬಾಣಲೆ ತಿಕ್ಕಿದ ಕೈಯನ್ನು ಸೀರೆಗೆ ತಾಕಿಸದೆ ದೂರ ಹಿಡಿದುಕೊಂಡು. ಒಳಗಿನ ರೊಟ್ಟಿಯ ಬಿಸಿ ಬಾಣಲೆಯ ತಳದಿಂದ ಮಾನಸಳ ಅಂಗೈಗೆ ಹತ್ತುತ್ತಿತ್ತು. ಹೂಂ ಎಂದೂ ಅನ್ನದೆ, ಊಹೂಂ ಎಂದೂ ಅನ್ನದೆ ಅವಳು ಗುಡ್ಡದ ದಾರಿ ಹಿಡಿದಳು.